ಹುಚ್ಚಮ್ಮನ ಕಾಲೂ ಮುರಿಯದೆ ನೋಡುವ ಯಂತ್ರವೂ

ಒಂದಾನೊಂದು ಕಾಲದಲ್ಲಿ, ಅಂದರೆ ಬಹಳ ಹಿಂದೇನಲ್ಲ, ಹೋದ ದೀಪಾವಳಿಯ ಆಸುಪಾಸಿನಲ್ಲಿ, ಭದ್ರಾ ಹೊಳೆಯ ದಂಡೆಯ ಕಬ್ಬಿಣದ ಊರಿನಲ್ಲಿ ಹುಚ್ಚಮ್ಮ ಅಂತ ಒಬ್ಬ ಅಜ್ಜಿ ಇದ್ದಳು. ಏಳು ಸಮುದ್ರದಾಚೆ ಗಿಣಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಈ ಹುಚ್ಚಮ್ಮನ ಪ್ರಾಣ ಇದ್ದದ್ದು ಅವಳ ಎರಡು ಕಾಲುಗಳಲ್ಲಿ. ನಡೆಯುವ ಕಾಲು ಎಲ್ಲರಿಗೂ ಇರುತ್ತದೆ. ಇವು ಕೂಸುಗಳಿಗೆ ಎರೆಯುವ ಕಾಲು.

ಬಚ್ಚಲಲ್ಲಿ ಗೋಣಿತಾಟು ಹಾಸಿ, ಸೀರೆಯನ್ನು ಮಂಡಿಯವರೆಗೆ ಸರಿಸಿ, ಕಾಲು ನೀಡಿ ಅವಳು ಕೂತಳೆಂದರೆ ಅದು ತೊಟ್ಟಿಲಿಗಿಂತ ಭದ್ರ. ಕೂಸನ್ನು ಆ ಕಾಲ ಮೇಲೆ ಬೋರಲು ಹಾಕಿ, ಎಣ್ಣೆ ಹಚ್ಚಿ, ಕಡಲೆಹಿಟ್ಟು ತಿಕ್ಕಿ, ತಂಬಿಗೆ ತಂಬಿಗೆ ಬಿಸಿನೀರು ಹೊಯ್ದು ಎತ್ತಿಕೊಟ್ಟರೆ ಅದು ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಬೀದಿಯ ಅರ್ಧ ಜನ ಆ ಕಾಲ ಮೇಲೆ ಅತ್ತವರೇ. ಮೀಸೆ ಬಂದ ಗಂಡಸರು ಈಗಲೂ ಅವಳೆದುರು ಸ್ವಲ್ಪ ನಾಚಿಕೆಯಿಂದ ನಿಲ್ಲುವುದು ಅದಕ್ಕೇ. ಮೊಮ್ಮಗಳು ಸಿರಿ ಅಲ್ಲೇ ಮಿಂದು ಬೆಳೆದವಳು. ಸಿರಿಯ ಮದುವೆ ಚಪ್ಪರದಲ್ಲೇ ಹುಚ್ಚಮ್ಮ ಮಾತು ಕೊಟ್ಟಾಗಿತ್ತು: "ನಿನ್ನ ಕೂಸಿಗೆ ಎರೆಯೋಳೂ ನಾನೇ ಕಣೇ. ಬೇರೆಯೋರು ಕೈ ಹಾಕ್ಬಾರ್ದು."

ಇಂಥ ಹುಚ್ಚಮ್ಮನಿಗೆ ಭೈರಪ್ಪ ಅಂತ ಗಂಡ. ಕಬ್ಬಿಣದ ಕಾರ್ಖಾನೆಯ ಟೆಸ್ಟಿಂಗ್ ಸೆಕ್ಷನ್ನಿನಲ್ಲಿದ್ದು ರಿಟೈರಾದವನು. ಉಕ್ಕಿನ ತುಂಡೊಂದನ್ನು ದೊಡ್ಡ ಮೆಷಿನ್ನಿನ ಎರಡು ದವಡೆಗೆ ಕಚ್ಚಿಸುವುದು, ಮೇಲಕ್ಕೂ ಕೆಳಕ್ಕೂ ಎಳೆಸುವುದು, ತುಂಡಿನ ನಡು ಸಣ್ಣಗಾಗಿ ಟಣ್ಣೆಂದು ಎರಡಾದಾಗ ಎಷ್ಟಕ್ಕೆ ಮುರಿಯಿತು ಅಂತ ಬರೆದುಕೊಳ್ಳುವುದು, ಇಷ್ಟು ಅವನ ಕೆಲಸ. ಗುಜರಿಗೆ ಹೋಗಬೇಕಾದ ಮುರುಕು ತುಂಡುಗಳು ಕೆಲವು ಮನೆಗೆ ಬಂದಿದ್ದವು. ಒಂದು ಬಾಗಿಲಿಗೆ ತಡೆ. ಒಂದು ಬೆಳ್ಳುಳ್ಳಿ ಜಜ್ಜಲು. ಒಂದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ. ಹೀಗಾಗಿ ಆ ಮನೆಯಲ್ಲಿ ಟೆಸ್ಟ್ ಅಂದರೇನೆಂದು ಯಾರಿಗೂ ಸಂಶಯವಿರಲಿಲ್ಲ. ಟೆಸ್ಟಿಗೆ ಹೋದದ್ದು ಎರಡಾಗಿ ಬರುತ್ತದೆ.

ಪಕ್ಕದ ಮನೆಯ ಜಯಪ್ಪನೂ ಅದೇ ಕಾರ್ಖಾನೆಯವನೇ, ಆದರೆ ಎರಕದ ಒಳಗೆ ಬಿರುಕಿದೆಯೋ ಅಂತ ಎಕ್ಸರೇ ತೆಗೆದು ನೋಡುವ ಸೆಕ್ಷನ್ನು. ಭೈರಪ್ಪ ಅದನ್ನು ಸೆಕ್ಷನ್ ಅಂತ ಯಾವತ್ತೂ ಒಪ್ಪಿದವನಲ್ಲ. "ಅವನ್ದು ಫೋಟೋ ಸ್ಟುಡಿಯೋ. ಫೋಟೋದಲ್ಲಿ ಎಲ್ರೂ ಚೆನ್ನಾಗೇ ಕಾಣ್ತಾರೆ. ಎಳೆದು ನೋಡ್ಲಿ, ಗೊತ್ತಾಗುತ್ತೆ," ಅನ್ನುತ್ತಿದ್ದ. ಜಯಪ್ಪ ಕಾಂಪೌಂಡಿನ ಆಚೆಯಿಂದ ಕೇಳಿಸಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದ.

ಎಲ್ಲಾ ಶುರುವಾದದ್ದು ಅಡುಗೆಮನೆಯ ನಾಗಂದಿಗೆಯಿಂದ. ಗೋಡೆಯ ಆ ಹಲಗೆ ಹುಚ್ಚಮ್ಮನ ಕೈಗೆ ಎಟುಕದೆ ವರ್ಷವಾಗಿತ್ತು. ಮೊದಲು ಸಲೀಸಾಗಿ ಎಟುಕುತ್ತಿತ್ತು. ಆದ್ದರಿಂದ ಗಂಡ ತನಗೆ ಹೇಳದೆ ಅದನ್ನು ಮೇಲಕ್ಕೆ ಹೊಡೆಸಿದ್ದಾನೆಂದು ಅವಳ ವಾದ. ಭೈರಪ್ಪ ಸ್ಟೀಲ್ ಟೇಪು ತಂದು ನೆಲದಿಂದ ಅಳೆದು ತೋರಿಸಿದ.

"ಮನೆ ಕಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ ಮಾರಾಯ್ತಿ."

"ಹಾಗಾದ್ರೆ ನೆಲ ಕುಸಿದಿದೆ."

ನೆಲ ಕುಸಿದಿರಲಿ, ನಾಗಂದಿಗೆ ಏರಿರಲಿ, ದೀಪಾವಳಿಗೆ ಅವಲಕ್ಕಿ ಡಬ್ಬ ಬೇಕಲ್ಲ. ಹುಚ್ಚಮ್ಮ ಊಟದ ಮಣೆ ಹಾಕಿಕೊಂಡು ಹತ್ತಿದಳು. ಮಣೆ ಅಂದರೆ ನೆಲದಿಂದ ಗೇಣೂ ಎತ್ತರವಿಲ್ಲದ್ದು. ಅಲ್ಲಿಂದ ಜಾರಿ ಕೈಯೂರಿದಳು. ಮಣಿಕಟ್ಟು ಮುರಿಯಿತು. ಡಬ್ಬಕ್ಕೆ ಏನೂ ಆಗಲಿಲ್ಲ.

ಭದ್ರಾವತಿಯ ಮೂಳೆ ಡಾಕ್ಟರು ವೆಂಕಟಾಚಲ ಎಕ್ಸರೇ ನೋಡಿ, ಪಟ್ಟಿ ಹಾಕಿ, ಕ್ಯಾಲ್ಸಿಯಂ ಮಾತ್ರೆ ಬರೆದು, ಕನ್ನಡಕದ ಮೇಲಿಂದ ಕೇಳಿದರು: "ಎಲ್ಲಿಂದ ಬಿದ್ರಿ ಅಮ್ಮ?"

"ಮಣೆಯಿಂದ."

"ಲಾರಿ ಬಡಿದು ಮುರಿದ್ರೆ ಲಾರಿ ತಪ್ಪು ಅನ್ಬಹುದು. ಮಣೆಯಿಂದ ಬಿದ್ದು ಮುರಿದ್ರೆ ಮೂಳೆನೇ ವಿಚಾರಿಸ್ಬೇಕಾಗುತ್ತೆ. ಈಚೆಗೆ ಎತ್ತರ ಏನಾದ್ರೂ ಕಡಿಮೆ ಆದಂಗಿದ್ಯಾ?"

"ನಾನು ಸರಿಯಾಗೇ ಇದೀನಿ. ನಾಗಂದಿಗೆ ಮೇಲಕ್ಕೆ ಹೋಗಿದೆ."

ಡಾಕ್ಟರು ಭೈರಪ್ಪನ ಮುಖ ನೋಡಿದರು. ಭೈರಪ್ಪ ಸೂರು ನೋಡಿದ. "ಈ ವಯಸ್ಸಿನ ಹೆಂಗಸರಿಗೆ ಮೂಳೆ ಒಳಗಿಂದೊಳಗೆ ಸವೀತಾ ಹೋಗುತ್ತೆ," ಅಂದರು ಡಾಕ್ಟರು. "ನೋವಿಲ್ಲ, ಏನಿಲ್ಲ, ಗೊತ್ತೇ ಆಗಲ್ಲ. ಮುಂದಿನ ಸಲ ಸೊಂಟನೇ ಮುರಿದ್ರೆ ಕಷ್ಟ. ಈಗ್ಲೇ ಕಂಡುಹಿಡಿದ್ರೆ ತಡೀಬಹುದು. ಮೂಳೆ ಸಾಂದ್ರತೆ ಟೆಸ್ಟ್ ಅಂತ ಇದೆ, ಶಿವಮೊಗ್ಗದಲ್ಲಿ. ಮೂಳೆ ಎಷ್ಟು ಗಟ್ಟಿ ಅಂತ ಅಳತೆ ಸಿಗುತ್ತೆ. ಮಾಡಿಸ್ಕೊಂಡು ಬನ್ನಿ."

ಆಟೋದಲ್ಲಿ ಕೂತ ಮೇಲೆ ಹುಚ್ಚಮ್ಮ ಮೆಲ್ಲಗೆ ಕೇಳಿದಳು: "ರೀ, ಎಕ್ಸರೇ ಆಗ್ಲೇ ತೆಗೆದ್ರಲ್ಲ. ಮತ್ತೆ ಈ ಟೆಸ್ಟ್ ಅಂದ್ರೇನು?"

ಟೆಸ್ಟಿನ ವಿಷಯದಲ್ಲಿ ಗೊತ್ತಿಲ್ಲ ಅಂತ ಭೈರಪ್ಪ ಹುಟ್ಟಿದಾಗಿನಿಂದ ಹೇಳಿಲ್ಲ. "ಎಕ್ಸರೇ ಅಂದ್ರೆ ಜಯಪ್ಪಂದು, ಬರೀ ಫೋಟೋ," ಅಂದ. "ಎಷ್ಟು ಗಟ್ಟಿ ಅಂತ ಫೋಟೋದಲ್ಲಿ ತಿಳಿಯಲ್ಲ. ಅದಕ್ಕೇ ಟೆಸ್ಟ್ ಬರೆದಿದಾರೆ."

"ಅಂದ್ರೆ ಎಳೀತಾರಾ?"

"ಎಳೀದೆ ಅಳತೆ ಹೆಂಗೆ ಸಿಗುತ್ತೆ? ಪೂರ್ತಿ ಅಲ್ಲ. ಒಂದು ಸ್ಯಾಂಪಲ್ ಪೀಸು. ನಿನ್ನ ಸೈಜಿಗೆ ಸಣ್ಣದು ಸಾಕು." ಸಮಾಧಾನಕ್ಕೆ ಅನ್ನುವ ಹಾಗೆ ಸೇರಿಸಿದ: "ಅರಿವಳಿಕೆ ಕೊಡ್ತಾರೆ ಬಿಡು."

ಹುಚ್ಚಮ್ಮ ತನ್ನ ಕಾಲುಗಳನ್ನು ನೋಡಿಕೊಂಡಳು. ಸ್ಯಾಂಪಲ್ಲು ತೆಗೆಯುವುದಾದರೆ ಒಳ್ಳೇ ಉದ್ದವಾದ, ನೇರವಾದ ಮೂಳೆಯಿಂದಲೇ ತೆಗೆಯುತ್ತಾರೆ. ಅವಳ ಮೈಯಲ್ಲಿ ಅಂಥ ಉದ್ದ ನೇರ ಮೂಳೆ ಇದ್ದದ್ದು ಎರೆಯುವ ಆ ಎರಡು ಕಾಲಲ್ಲೇ.

ಅವಳು ಟೆಸ್ಟಿನ ಮಾತೆತ್ತಲಿಲ್ಲ. ಯಾರಾದರೂ ಎತ್ತಿದರೆ ಕೈಯ ಪಟ್ಟಿ ತೋರಿಸುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಧನುರ್ಮಾಸ ತೋರಿಸಿದಳು. ಅದು ಕಳೆಯುವ ಹೊತ್ತಿಗೆ ಶಿವಮೊಗ್ಗದಿಂದ ಸಿರಿಯ ಫೋನು ಬಂತು. ಸಿರಿಗೆ ನವುಲೆಯ ಕೃಷಿ ಕಾಲೇಜಿನಲ್ಲಿ ಕೆಲಸ. ಆಗ ಏಳು ತಿಂಗಳು ತುಂಬುತ್ತಿತ್ತು. ಬಾಣಂತನ ಅವಳಮ್ಮ ತನುಜಾಳ ಮನೆಯಲ್ಲಿ, ಹೊಸಮನೆ ಬಡಾವಣೆಯಲ್ಲಿ ಅಂತ ನಿಶ್ಚಯವಾಗಿತ್ತು.

"ಅಜ್ಜಿ, ಟೆಸ್ಟ್ ಆಯ್ತಾ?"

"ಎಳ್ಳು ಬೀರೋದು ಮುಗೀಲಿ ಕಣೇ."

"ಕೇಳಿಲ್ಲಿ. ಮಣೆಯಿಂದ ಬಿದ್ದು ಕೈ ಮುರ್ಕೊಂಡೋಳು ನೀನು. ನಾಳೆ ಬಚ್ಚಲಲ್ಲಿ ಮಗು ಎತ್ಕೊಂಡು ಏಳೋವಾಗ ಸೊಂಟ ಹೋದ್ರೆ ನೀನೆಲ್ಲಿ, ಮಗು ಎಲ್ಲಿ? ಟೆಸ್ಟ್ ಮಾಡಿಸ್ಕೊ. ಡಾಕ್ಟ್ರು ಹೂಂ ಅಂದ್ರೆ ಮಗು ನಿನ್ನ ಕಾಲ ಮೇಲೆ. ಇಲ್ಲಾಂದ್ರೆ ಅಮ್ಮ ಟಬ್ ತರ್ಸಿದಾಳೆ."

"ಏನು ತರ್ಸಿದಾಳೆ?"

"ಪ್ಲಾಸ್ಟಿಕ್ ಟಬ್. ಮಗು ಸ್ನಾನಕ್ಕೆ. ಗುಲಾಬಿ ಬಣ್ಣ, ಬಾತುಕೋಳಿ ಚಿತ್ರ ಇದೆ."

ತನ್ನ ವಂಶದ ಕೂಸು ಒಂದು ಬಾತುಕೋಳಿಯ ಹೊಟ್ಟೆಯಲ್ಲಿ ಕೂತು ಮೀಯುವುದನ್ನು ಹುಚ್ಚಮ್ಮ ಕಣ್ಣಾರೆ ಕಂಡಳು. ಈ ಕಡೆ ಟಬ್ಬು, ಆ ಕಡೆ ದವಡೆಯ ಮೆಷಿನ್ನು. ಟೆಸ್ಟ್ ಮಾಡಿಸದಿದ್ದರೆ ಕೂಸು ಸಿಗುವುದಿಲ್ಲ. ಮಾಡಿಸಿದರೆ ಕೂಸನ್ನು ಮಲಗಿಸುವ ಕಾಲು ಉಳಿಯುವುದಿಲ್ಲ. ಕಥೆಯಲ್ಲಿ ರಾಜಕುಮಾರನಾದರೂ ಆಗಿದ್ದರೆ ಯಾವುದಾದರೂ ಮಾತಾಡುವ ಪಕ್ಷಿ ಬಂದು ದಾರಿ ಹೇಳುತ್ತಿತ್ತು. ಅವಳಿಗೆ ಇದ್ದದ್ದು ಭೈರಪ್ಪ.

"ನೀವೂ ಬನ್ನಿ," ಅಂದಳು ಹೊರಡುವ ದಿನ.

"ನಂಗೆ ಕೆಲ್ಸ ಇದೆ," ಅಂದ ಭೈರಪ್ಪ ಪೇಪರಿನಿಂದ ತಲೆ ಎತ್ತದೆ. ಪೇಪರು ಹಿಂದಿನ ದಿನದ್ದು.

ಶಿವಮೊಗ್ಗದ ಬಸ್ ಸ್ಟಾಂಡಿನಲ್ಲಿ ಸಿರಿ ಹೊಟ್ಟೆ ಮುಂದೆ ಮಾಡಿಕೊಂಡು ಕಾಯುತ್ತಿದ್ದಳು. ಸ್ಕ್ಯಾನಿಂಗ್ ಸೆಂಟರು ದುರ್ಗಿಗುಡಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ. ಸಿರಿ ಅಜ್ಜಿಯ ಕೈ ಹಿಡಿದು ಒಳಬಾಗಿಲವರೆಗೆ ಹೋಗಿ ನಿಂತುಬಿಟ್ಟಳು. ಬಾಗಿಲ ಮೇಲೆ ಕೆಂಪಕ್ಷರದ ಬೋರ್ಡು: ಗರ್ಭಿಣಿಯರಿಗೆ ಪ್ರವೇಶವಿಲ್ಲ.

"ನಾನು ಒಳಗೆ ಬರೋ ಹಾಗಿಲ್ಲ ಅಜ್ಜಿ. ಇಲ್ಲೇ ಕೂತಿರ್ತೀನಿ."

ಹುಚ್ಚಮ್ಮ ಬೋರ್ಡನ್ನು ಮತ್ತೊಮ್ಮೆ ಓದಿಸಿ ಕೇಳಿಸಿಕೊಂಡಳು. ಬಸುರಿಯರು ಏನೇನು ನೋಡಬಾರದು ಅನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗ್ರಹಣ ನೋಡಬಾರದು. ಹೆಣ ನೋಡಬಾರದು. ಕುರಿ ಕಡಿಯುವುದು ನೋಡಬಾರದು. ಈ ಬಾಗಿಲ ಹಿಂದೆ ನಡೆಯುವುದು ಅದೇ ಜಾತಿಯದು ಅಂತ ಸರ್ಕಾರದವರೇ ಬರೆಸಿ ಹಾಕಿದ ಮೇಲೆ ಇನ್ನೇನು ಉಳಿಯಿತು?

ಒಳಗಿಂದ ನೀಲಿ ಕೋಟಿನ ಹುಡುಗಿಯೊಬ್ಬಳು ಬಂದಳು. ಟೆಕ್ನಿಷಿಯನ್ನು, ಹೆಸರು ಸ್ಫೂರ್ತಿ. "ಅಜ್ಜಿ, ಇವತ್ತು ಕ್ಯಾಲ್ಸಿಯಂ ಮಾತ್ರೆ ತಗೊಂಡಿಲ್ಲ ತಾನೆ?"

"ತಗೊಂಡಿದೀನಿ ತಾಯಿ. ಎದ್ದ ತಕ್ಷಣ ಒಂದು. ಬಸ್ಸಲ್ಲಿ ಇನ್ನೊಂದು. ಸ್ವಲ್ಪ ಗಟ್ಟಿಯಾಗ್ಲಿ ಅಂತ."

"ಅಯ್ಯೋ, ಹಾಗಾದ್ರೆ ಇವತ್ತು ಆಗಲ್ಲ ಅಜ್ಜಿ. ಕರಗದೆ ಉಳಿದ ಮಾತ್ರೆ ಬೆನ್ನುಮೂಳೆ ಮೇಲೆ ಮೂಳೆ ಥರಾನೇ ಕಾಣುತ್ತೆ, ಲೆಕ್ಕ ತಪ್ಪುತ್ತೆ. ಹಿಂದಿನ ದಿನದಿಂದ ನಿಲ್ಸಿ ಬನ್ನಿ. ಮುಂದಿನ ವಾರ ಟೈಮ್ ಕೊಡ್ತೀನಿ."

ಹುಚ್ಚಮ್ಮ ಮೆಟ್ಟಿಲಿಳಿದದ್ದು ಹೊಸ ಮದುವಣಗಿತ್ತಿಯ ಹಾಗೆ. ಸಿರಿಗೆ ಮಸಾಲೆ ದೋಸೆ ಕೊಡಿಸಿದಳು, ಮೇಲೆ ಬಾದಾಮಿ ಹಾಲು ಕೊಡಿಸಿದಳು. ಮನೆಗೆ ಬಂದು ಕ್ಯಾಲ್ಸಿಯಂ ಡಬ್ಬಿಯನ್ನು ದೇವರ ಪಕ್ಕ ಇಟ್ಟಳು.

ಮುಂದಿನ ವಾರ ಸಿರಿ ಹಿಂದಿನ ದಿನವೇ ಫೋನ್ ಮಾಡಿ ಮಾತ್ರೆ ಮುಟ್ಟಬೇಡ ಅಂತ ಎಚ್ಚರಿಸಿದಳು. ಬೆಳಿಗ್ಗೆ ಇನ್ನೊಮ್ಮೆ ಕೇಳಿದಳು. ಹುಚ್ಚಮ್ಮ ಮುಟ್ಟಿರಲಿಲ್ಲ, ಸುಳ್ಳು ಹೇಳುವ ಹೆಂಗಸಲ್ಲ ಅವಳು. ಆಟೋ ದುರ್ಗಿಗುಡಿಗೆ ತಿರುಗುವಾಗ ಮಾತ್ರ ಎಲೆ ಅಡಿಕೆ ಸಂಚಿಗೆ ಕೈ ಹಾಕಿ, ಆಚೆ ಮುಖ ಮಾಡಿ, ಏನೋ ಬಾಯಿಗೆ ಹಾಕಿಕೊಂಡು ಅಗಿದಳು. ಸಿರಿ ಅಡಿಕೆಯಿರಬೇಕು ಅಂದುಕೊಂಡಳು.

"ಅಜ್ಜಿ, ಇವತ್ತು ಮಾತ್ರೆ?" ಅಂತ ಸ್ಫೂರ್ತಿ ಕೇಳಿದಳು.

"ಅಯ್ಯೋ ತಾಯಿ, ಮರೆತು ತಗೊಂಡುಬಿಟ್ಟೆ," ಅಂದಳು ಹುಚ್ಚಮ್ಮ, ಮುಖ ಎಷ್ಟು ಜೋಲಾಗಬೇಕೋ ಅದಕ್ಕಿಂತ ತುಸು ಹೆಚ್ಚೇ ಜೋಲುಹಾಕಿ.

ಸಿರಿ ಎದ್ದು ಬಂದಳು. "ಎಲ್ಲಿ, ನಾಲಿಗೆ ತೋರ್ಸು."

ನಾಲಿಗೆ ಸುಣ್ಣ ಬಳಿದ ಗೋಡೆಯ ಹಾಗಿತ್ತು.

ಅವತ್ತು ದೋಸೆಯಿಲ್ಲ. ಅದೇ ಹೋಟೆಲ್ಲಿನ ಮೂಲೆ ಮೇಜಿನಲ್ಲಿ ಸಿರಿ ಅಜ್ಜಿಯನ್ನು ಗೋಡೆ ಕಡೆ ಕೂರಿಸಿ, ತಾನು ಅಡ್ಡ ಕೂತಳು. ಆ ಹೊಟ್ಟೆ ದಾಟಿ ಯಾರೂ ಹೋಗುವಂತಿರಲಿಲ್ಲ. "ಈಗ ಹೇಳು. ನಿಂಗೆ ನನ್ನ ಮಗುಗೆ ಎರೆಯೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬಿಡು."

ಹುಚ್ಚಮ್ಮನ ಕಣ್ಣಲ್ಲಿ ನೀರು ಬಂತು. "ಇಷ್ಟ ಇರೋದಕ್ಕೇ ಕಣೇ. ಕೈದೋ ಪಕ್ಕೆದೋ ಆಗಿದ್ರೆ ಮುರ್ಕೊಳ್ಳಿ ಅಂತ ಕೊಟ್ಟುಬಿಡ್ತಿದ್ದೆ. ಕಾಲಿಂದು ಮುರಿದ್ರೆ ನಿನ್ನ ಕೂಸನ್ನ ಎಲ್ಲಿ ಮಲಗಿಸ್ಲಿ?"

"ಯಾರು ಮುರೀತಾರೆ?"

"ಟೆಸ್ಟಿನವರು. ಎಳೆದು ನೋಡ್ತಾರಂತಲ್ಲ. ನಿಮ್ಮಜ್ಜ ಹೇಳಿದ್ರು. ಅದಕ್ಕೇ ತಾನೆ ಬಸುರಿಯರು ನೋಡ್ಬಾರ್ದು ಅಂತ ಬೋರ್ಡ್ ಹಾಕಿರೋದು?"

ಸಿರಿಯ ನಗುವಿಗೆ ಮೇಜು ಅಲುಗಾಡತೊಡಗಿತು, ಲೋಟದ ನೀರು ತುಳುಕಿತು. ಪಕ್ಕದ ಮೇಜಿನವರು ಹೆರಿಗೆ ನೋವೇ ಶುರುವಾಯಿತೆಂದು ಎದ್ದು ನಿಂತರು. ಅವಳು ಕೈಯಾಡಿಸಿ ಅವರನ್ನು ಕೂರಿಸಿ, ಕಣ್ಣೊರೆಸಿಕೊಂಡು ಭದ್ರಾವತಿಗೆ ಫೋನು ಹಚ್ಚಿ, ಮಾತು ಅಜ್ಜಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಅಜ್ಜ, ಮೂಳೆ ಟೆಸ್ಟಲ್ಲಿ ಎಳೆದು ಮುರೀತಾರೆ ಅಂತ ಯಾರು ಹೇಳಿದ್ದು?"

"ಯಾರು ಯಾಕೆ ಹೇಳ್ಬೇಕು? ಟೆಸ್ಟ್ ಅಂದ್ರೆ ಟೆಸ್ಟು."

"ನೀವು ಆ ಮೆಷಿನ್ ನೋಡಿದೀರಾ?"

"ನಾನು ಕಾಣದೆ ಇರೋ ಮೆಷಿನ್ನಾ?"

"ಹಾಗಾದ್ರೆ ಅಜ್ಜಿ ಜೊತೆ ಒಂದ್ಸಲನಾದ್ರೂ ಯಾಕೆ ಬರ್ಲಿಲ್ಲ?"

ಆ ಕಡೆ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. "ಕೆಲ್ಸ ಇತ್ತು," ಅಂತ ಕೊನೆಗೆ ಬಂತು.

"ಏನು ಕೆಲ್ಸ?"

"ಇತ್ತು ಕಣಮ್ಮ." ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ: "ಎಷ್ಟೋ ಪೀಸು ಮುರಿದು ನೋಡಿದೀನಿ. ಇವಳದ್ದು ನೋಡೋಕೆ ಆಗಲ್ಲ."

ಹುಚ್ಚಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಫೋನಿನ ಹತ್ತಿರ ಬಾಗಿದಳು. "ರೀ, ಒಲೆ ಮೇಲೆ ಸಾರಿದೆ, ಬಿಸಿ ಮಾಡ್ಕೊಳ್ಳಿ," ಅಂದಳು. ಮದುವೆಯಾದ ಮೇಲೆ ಅಷ್ಟು ಮೆತ್ತಗೆ ಅವಳು ಸಾರಿನ ಮಾತಾಡಿದ್ದಿಲ್ಲ.

ಸಿರಿ ಏನು ಹೇಳಿದರೂ ಹುಚ್ಚಮ್ಮ ಪೂರ್ತಿ ನಂಬಲಿಲ್ಲ. ಟೆಸ್ಟಿನ ವಿಷಯದಲ್ಲಿ ಮೊಮ್ಮಗಳ ಮಾತು ಎಷ್ಟಾದರೂ ಮೊಮ್ಮಗಳ ಮಾತೇ. ಆದ್ದರಿಂದ ತೀರ್ಮಾನವಾಯಿತು: ಅಜ್ಜನೇ ಬಂದು ಮೆಷಿನ್ನು ನೋಡಬೇಕು. ಅವನು ಸರಿ ಅಂದರೆ ಅಜ್ಜಿ ಮಲಗುತ್ತಾಳೆ. ಅವನು ಅಡ್ಡ ತಲೆಯಾಡಿಸಿದರೆ ಬಾತುಕೋಳಿ.

ಭೈರಪ್ಪ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕಿ, ಜೇಬಿಗೆ ಪೆನ್ನು, ಸೊಂಟಕ್ಕೆ ಸ್ಟೀಲ್ ಟೇಪು ಸಿಕ್ಕಿಸಿಕೊಂಡು ಬಂದ. ಸೆಂಟರಿನ ಹೊರಗೆ ಸಿರಿ ಬೋರ್ಡಿನ ಕೆಳಗೆ ಕೂತಳು. ಒಳಗೆ ಒಂದು ಉದ್ದನೆಯ ಮೇಜು, ಮೇಲೆ ಹಾಸಿಗೆ, ಅದರ ಮೇಲೆ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಬಿಳಿ ತೋಳು. ಭೈರಪ್ಪ ಒಂದು ಸುತ್ತು ಬಂದು, ಬಗ್ಗಿ ಮೇಜಿನ ಅಡಿ ನೋಡಿದ.

"ದವಡೆ ಎಲ್ಲಮ್ಮ?"

"ಏನು ದವಡೆ ಅಜ್ಜ?" ಅಂದಳು ಸ್ಫೂರ್ತಿ.

"ಹಿಡ್ಕೊಳ್ಳೋದು. ಎಳೆಯೋಕೆ."

"ಎಳೆಯಲ್ಲ ಅಜ್ಜ. ಕಮ್ಮಿ ಪವರಿನ ಎಕ್ಸರೇ. ಎಷ್ಟು ಕಿರಣ ಮೂಳೆ ತಡೀತು, ಎಷ್ಟು ದಾಟಿ ಬಂತು ಅಂತ ಲೆಕ್ಕ ಹಾಕುತ್ತೆ. ಅಜ್ಜಿ ಮಲ್ಕೊಂಡಿದ್ರೆ ಸಾಕು."

"ಫೋಟೋ," ಅಂದ ಭೈರಪ್ಪ. ಅವನ ಮುಖದಲ್ಲಿ ಸಮಾಧಾನವೂ ತಿರಸ್ಕಾರವೂ ಜಾಗಕ್ಕಾಗಿ ಜಗಳವಾಡಿದವು. "ಜಯಪ್ಪನ ಕೆಲ್ಸ. ಸರಿ, ನಿನ್ನ ಮೆಷಿನ್ನು ಸರಿ ಹೇಳ್ತಿದೆ ಅಂತ ನಿಂಗೆ ಹೆಂಗೆ ಗೊತ್ತು?"

ಸ್ಫೂರ್ತಿ ಕಪಾಟಿನಿಂದ ಇಟ್ಟಿಗೆಯಂಥ ಒಂದು ಪ್ಲಾಸ್ಟಿಕ್ ಗಟ್ಟಿ ತೆಗೆದಳು. ಅದರೊಳಗೆ ಬೆನ್ನುಮೂಳೆಯ ಮಣಿಗಳಂಥದೇ ಮಣಿಗಳನ್ನು ಎರಕ ಹೊಯ್ದಿದ್ದರು. "ಇದರ ಅಳತೆ ನಮಗೆ ಮೊದ್ಲೇ ಗೊತ್ತು. ದಿನಾ ಬೆಳಿಗ್ಗೆ ಮೊದ್ಲು ಇದನ್ನೇ ಇಟ್ಟು ನೋಡ್ತೀವಿ. ತಪ್ಪು ಹೇಳಿದ್ರೆ ಅವತ್ತು ಯಾರ್ದೂ ಮಾಡಲ್ಲ."

ಭೈರಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ದಿನಾ ಇದೇ ಪೀಸಾ?"

"ಮೆಷಿನ್ ಬಂದ ದಿನದಿಂದ ಇದೇ."

"ಇನ್ನೂ ಮುರಿದಿಲ್ಲ."

"ಯಾಕೆ ಮುರೀಬೇಕು ಅಜ್ಜ?"

ದಿನಾ ಟೆಸ್ಟಿಗೆ ಹೋಗಿ ದಿನಾ ಇಡಿಯಾಗಿ ವಾಪಸ್ಸು ಬರುವ ಪೀಸನ್ನು ಭೈರಪ್ಪ ನೋಡಿದ್ದು ಇದೇ ಮೊದಲು. ಕೂಸನ್ನು ಮಲಗಿಸುವ ಹಾಗೆ ಅದನ್ನು ಕಪಾಟಿನಲ್ಲಿಟ್ಟು ಹೆಂಡತಿಯ ಕಡೆ ತಿರುಗಿದ. "ಮಲಕ್ಕೊ. ಪರವಾಗಿಲ್ಲ."

ಮಲಗುವುದಕ್ಕೆ ಮುಂಚೆ ಲೋಹದ್ದೆಲ್ಲಾ ತೆಗೆಯಬೇಕಿತ್ತು. ಸ್ಫೂರ್ತಿ ಒಂದು ಸಣ್ಣ ಟ್ರೇ ತಂದಳು. ಆಮೇಲೆ ದೊಡ್ಡ ಟ್ರೇ ತಂದಳು. ಬೀಗದ ಕೈ ಗೊಂಚಲು, ತಲೆಯ ಪಿನ್ನುಗಳು, ಸೀರೆಯ ಪಿನ್ನು, ಬಳೆಗೆ ಸಿಕ್ಕಿಸಿದ ಪಿನ್ನು, ತಾಳಿಯ ಸರಕ್ಕೆ ನೇತುಹಾಕಿದ ಪಿನ್ನಿನ ಸಂಸಾರ, ಕಾಲು ಮುಳ್ಳು ತೆಗೆಯುವ ಚಿಮಟ. ತಾಳಿ ಕತ್ತಿನ ಹತ್ತಿರ ಇದ್ದರೆ ತೊಂದರೆಯಿಲ್ಲ ಅಂದಾಗ ಹುಚ್ಚಮ್ಮನಿಗೆ ಆ ಹುಡುಗಿಯ ಮೇಲೆ ಮೊದಲ ಸಲ ವಿಶ್ವಾಸ ಹುಟ್ಟಿತು.

ಅವಳು ಮಲಗಿದಳು. ಬಿಳಿ ತೋಳು ಮೈ ಮುಟ್ಟದೆ ಮೇಲಿಂದ ಮೆಲ್ಲಗೆ ಸರಿಯಿತು. ಕಂಪ್ಯೂಟರಿನಲ್ಲಿ ಬೆನ್ನುಮೂಳೆ ಗೆರೆಗೆರೆಯಾಗಿ ಮೂಡತೊಡಗಿತು. ಇದ್ದಕ್ಕಿದ್ದಂತೆ ಅದರ ಪಕ್ಕದಲ್ಲಿ ಬೆರಳುದ್ದದ ಬಿಳಿ ದಿಂಡು ಕಾಣಿಸಿತು, ಬೆಳದಿಂಗಳ ಹಾಗೆ ಹೊಳೆಯುತ್ತಾ.

"ಅಜ್ಜಿ, ಸೊಂಟದ ಹತ್ರ ಏನೋ ಇದೆ."

"ಏನಿಲ್ಲ ತಾಯಿ."

ಭೈರಪ್ಪ ಕಂಪ್ಯೂಟರಿನ ಹತ್ತಿರ ಹೋದ. ಕನ್ನಡಕ ಸರಿಮಾಡಿಕೊಂಡ. ಆ ದಿಂಡಿನ ಒಂದು ತುದಿ ನೇರ. ಇನ್ನೊಂದು ತುದಿ ಹತ್ತಿರ ಸಣ್ಣಗಾಗಿ, ಬಟ್ಟಲಿನ ಹಾಗೆ ಒಳಕ್ಕೆ ಹೋಗಿತ್ತು. ಅಂಥ ತುದಿಯನ್ನು ಅವನು ನಿದ್ದೆಯಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತಿದ್ದ. "ಉಪ್ಪಿನಕಾಯಿ ಭರಣಿ ಮೇಲಿದ್ದಿದ್ದು," ಅಂದ. "ಇವಳೇ, ಯಾಕೆ ತಂದೆ ಅದನ್ನ?"

ಹುಚ್ಚಮ್ಮ ಮಲಗಿದಲ್ಲೇ ಒಳಲಂಗದ ಲಾಡಿಯಿಂದ ಮುರುಕು ತುಂಡನ್ನು ಬಿಚ್ಚಿ ಕೊಟ್ಟಳು. "ಬಾಣಂತಿ ತಲ್ದಿಂಬಿನ ಕೆಳಗೆ ಕಬ್ಬಿಣ ಇಡಲ್ವಾ, ಹೆದರಿಕೆ ಆಗ್ಬಾರ್ದು ಅಂತ. ಹಾಗೇ ಕಟ್ಕೊಂಡು ಬಂದೆ. ನೀವು ಮುರಿದಿದ್ದಲ್ವಾ, ಜೊತೇಲಿದ್ರೆ ಧೈರ್ಯ ಅನ್ಸಿತು."

ಭೈರಪ್ಪ ತುಂಡನ್ನು ತೆಗೆದುಕೊಂಡ. ಕೈಯಲ್ಲಿರುವುದನ್ನೂ ಪರದೆಯಲ್ಲಿರುವುದನ್ನೂ ಸರದಿಯಲ್ಲಿ ನೋಡಿದ. "ಎಷ್ಟು ಸರಿಯಾಗಿ ತೆಗೆದಿದೆ ನೋಡು," ಅಂತ ತನ್ನಷ್ಟಕ್ಕೇ ಅಂದುಕೊಂಡ. "ಮುರಿದ ತುದಿನೂ ಬಿಟ್ಟಿಲ್ಲ." ತುಂಡನ್ನು ಜೇಬಿಗೆ ಹಾಕಿಕೊಂಡು ಸ್ಫೂರ್ತಿಗೆ ಹೇಳಿದ: "ನಮ್ಮ ಪಕ್ಕದ್ಮನೆಯವನೂ ಇದೇ ಕೆಲ್ಸ ಮಾಡ್ತಿದ್ದ. ತಿಳಿದೋನು."

ಬೆನ್ನಿನದು ಇನ್ನೊಮ್ಮೆ ಮೊದಲಿಂದ ಆಯಿತು. ಉಳಿದದ್ದು ಸೊಂಟ. ಸ್ಫೂರ್ತಿ ಹುಚ್ಚಮ್ಮನ ಪಾದವನ್ನು ಒಂದು ಮೂರುಮೂಲೆಯ ದಿಮ್ಮಿಗೆ ಆನಿಸಿ, ಸ್ವಲ್ಪ ಒಳಕ್ಕೆ ತಿರುಗಿಸಿ, ಅಲುಗಬಾರದೆಂದು ಪಟ್ಟಿ ಎಳೆದು ಬಿಗಿದಳು.

ಹುಚ್ಚಮ್ಮನ ಜೀವ ಬಾಯಿಗೆ ಬಂತು. ಹಿಡಿದರು. ಇಷ್ಟು ಹೊತ್ತು ನಯವಾಗಿ ಮಾತಾಡಿ ಕೊನೆಗೆ ಕಾಲನ್ನೇ ಹಿಡಿದರು. ಇನ್ನು ಮೇಲಿಂದ ಎಳೆಯುವುದೊಂದು ಬಾಕಿ. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೇಜಿನ ಅಂಚು ಹಿಡಿದುಕೊಂಡಳು. ಆದರೆ ಕಾಲು ಎಳೆದುಕೊಳ್ಳಲಿಲ್ಲ. ಗಂಡ ಪರವಾಗಿಲ್ಲ ಅಂದಿದ್ದ. ಅವನು ಪಾಸು ಮಾಡಿದ ಮೇಲೆ ಕಾರ್ಖಾನೆಯೇ ನಂಬುತ್ತಿತ್ತು, ಅವಳು ನಂಬದಿದ್ದರೆ ಹೇಗೆ? ಮನಸ್ಸಿನಲ್ಲೇ ಕೂಸಿಗೆ ಹೇಳಿದಳು: ಒಂದು ಕಾಲು ಹೋದರೆ ಇನ್ನೊಂದರ ಮೇಲೆ ಹೇಗಾದರೂ ಹೊಂದಿಸಿ ಮಲಗಿಸ್ತೀನಿ, ನೀನು ಹೆಚ್ಚು ಒದ್ದಾಡಬೇಡ.

ಜೇನುಹುಳ ಹಾದುಹೋದಂಥ ಸದ್ದಾಯಿತು. ನಿಂತಿತು.

"ಆಯ್ತು ಅಜ್ಜಿ, ಏಳಿ."

"ಯಾವಾಗ ಶುರು ಮಾಡ್ತೀರಾ?" ಅಂದಳು ಹುಚ್ಚಮ್ಮ ಕಣ್ಣು ಬಿಡದೆ.

"ಮುಗೀತು."

ಅವಳು ಎದ್ದು ಕೂತು ಎರಡು ಕಾಲನ್ನೂ ಮುಟ್ಟಿ ನೋಡಿಕೊಂಡಳು. ಆಮೇಲೆ ಅವಳ ಮುಖದಲ್ಲಿ ಬಂದದ್ದು ಸಂತೋಷವೋ ಸಿಟ್ಟೋ ಹೇಳುವುದು ಕಷ್ಟ. "ಇಷ್ಟಕ್ಕಾ ನಾನು ಅಷ್ಟು ಮಾತ್ರೆ ತಿಂದಿದ್ದು?"

ಮರುದಿನ ವೆಂಕಟಾಚಲ ಡಾಕ್ಟರು ರಿಪೋರ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಭೈರಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. "ಪಾಸೋ ಫೇಲೋ ಹೇಳಿ ಸಾರ್."

"ಎರಡೂ ಅಲ್ಲ. ಬೆನ್ನಿನ ಮೂಳೆ ಸವೆದಿದೆ, ಅದಕ್ಕೇ ಎತ್ತರ ಇಳಿದಿದೆ. ನಾಗಂದಿಗೆ ತಪ್ಪಿಲ್ಲ ಅಮ್ಮ. ಸೊಂಟ ಇನ್ನೂ ತಡ್ಕೊಂಡಿದೆ. ಮುರಿಯೋಕೆ ಮುಂಚೆ ಸಿಕ್ಕಿಬಿತ್ತಲ್ಲ, ಅದೇ ದೊಡ್ಡದು. ವಾರಕ್ಕೊಂದು ಮಾತ್ರೆ ಕೊಡ್ತೀನಿ. ಬರೀ ಹೊಟ್ಟೇಲಿ ನುಂಗಿ, ಅರ್ಧ ಗಂಟೆ ಮಲಗ್ಬಾರ್ದು. ದಿನಾ ನಡೀರಿ. ಮಣೆ ಹತ್ತೋದು ಬಂದ್."

"ಮಗುಗೆ ಎರೆಯೋದು?" ಅಂದಳು ಹುಚ್ಚಮ್ಮ. ಅವಳ ಕೈ ಸೆರಗಿನ ಗಂಟನ್ನು ಬಿಚ್ಚುತ್ತಾ ಕಟ್ಟುತ್ತಾ ಇತ್ತು.

ಡಾಕ್ಟರು ಕನ್ನಡಕ ತೆಗೆದರು. ಅವರೂ ಎಲ್ಲೋ ಒಬ್ಬ ಅಜ್ಜಿಯ ಕಾಲ ಮೇಲೆ ಅತ್ತವರೇ ಇರಬೇಕು. "ಗೋಡೆಗೆ ಒರಗಿ ಕೂತು, ಬೆನ್ನು ನೇರ ಇಟ್ಕೊಂಡು ಎರೆಯಿರಿ. ಬಗ್ಗಿ ನೀರು ಎತ್ತೋ ಹಾಗಿಲ್ಲ, ಮಗು ಎತ್ಕೊಂಡು ಏಳೋ ಹಾಗೂ ಇಲ್ಲ. ಅದನ್ನ ಬೇರೆ ಯಾರಾದ್ರೂ ಮಾಡ್ಲಿ."

ಇಬ್ಬರೂ ಭೈರಪ್ಪನ ಕಡೆ ನೋಡಿದರು.

ಯುಗಾದಿ ಕಳೆದ ಮೇಲೆ ಸಿರಿಗೆ ಹೆಣ್ಣು ಮಗುವಾಯಿತು. ಹೊಕ್ಕಳಬಳ್ಳಿ ಉದುರಿದ ಮರುದಿನ, ತನುಜಾಳ ಮನೆಯ ಬಚ್ಚಲಲ್ಲಿ, ಹುಚ್ಚಮ್ಮ ಗೋಡೆಗೆ ದಿಂಬು ಕೊಟ್ಟು ಕಾಲು ನೀಡಿ ಕೂತಳು. ಪಕ್ಕದಲ್ಲಿ ಗುಲಾಬಿ ಟಬ್ಬು, ಅದರ ತುಂಬ ಬಿಸಿನೀರು. ಬಗ್ಗದೆ ಕೈಗೆ ನೀರು ಎಟುಕುವುದಕ್ಕೆ ಅದನ್ನು ಸ್ಟೂಲಿನ ಮೇಲೆ ಇಡಿಸಿದ್ದಳು. ಬಾತುಕೋಳಿಗೆ ಅಷ್ಟು ಜಾಗ ಸಾಕು ಅಂತ ಅವಳ ತೀರ್ಪು. ಭೈರಪ್ಪ ಪಂಚೆ ಮೇಲೆ ಕಟ್ಟಿ ಹಂಡೆಯಿಂದ ನೀರು ಹೊತ್ತು ಹೊತ್ತು ಸುರಿದು ಏದುಸಿರು ಬಿಡುತ್ತಿದ್ದ. ಸಿರಿ ಕೂಸನ್ನು ತಂದು ಆ ಕಾಲ ಮೇಲೆ ಬೋರಲು ಮಲಗಿಸಿದಳು.

ಮೊದಲ ತಂಬಿಗೆಗೆ ಕೂಸು ಕಿರುಚಿತು. ಎರಡನೆಯದಕ್ಕೆ ಮುಷ್ಟಿ ಬಿಚ್ಚಿತು. ಬೆನ್ನಿಗೆ ಹಿಟ್ಟು ತಿಕ್ಕುವಾಗ ಆ ಪುಟ್ಟ ಮೂಳೆಗಳು ಬೆರಳ ಕೆಳಗೆ ಮೊಗ್ಗಿನ ಹಾಗೆ ಒಂದೊಂದಾಗಿ ಸಿಕ್ಕಿದವು. ಹುಚ್ಚಮ್ಮ ಅವನ್ನು ಮೆಲ್ಲಗೆ ಸವರಿದಳು, ಕೊನೆಯ ತಂಬಿಗೆ ಹೊಯ್ದಳು, ಒಂದು ಹನಿ ನೀರು ನಿವಾಳಿಸಿ ದೃಷ್ಟಿ ತೆಗೆದು ಮೂಲೆಗೆ ಎಸೆದಳು.

"ಹೂಂ, ಆಯ್ತು. ಎತ್ಕೊಳ್ಳಿ," ಅಂದಳು ಗಂಡನಿಗೆ.

ಭೈರಪ್ಪ ಟವೆಲ್ಲು ಹರಡಿ, ಬಾಗಿ, ಎರಡೂ ಕೈ ಮುಂದೆ ಮಾಡಿದ.

"ರೀ, ನಿಧಾನ," ಅಂದಳು ಹುಚ್ಚಮ್ಮ. "ಎಳೀಬೇಡಿ."